ಕಿವಿಗೊತ್ತಿದ ಸ್ಕ್ರೂಡ್ರೈವರ್

ಚಿಕ್ಕಪ್ಪ,

ಹತ್ತನೇ ತರಗತಿಯ ಅಂಕಪಟ್ಟಿ ಇಲ್ಲವೆಂದು ವಿಶ್ವವಿದ್ಯಾಲಯ ನಿಮ್ಮ ಅರ್ಜಿ ತಿರಸ್ಕರಿಸಿದ್ದು ಶುದ್ಧ ಅನ್ಯಾಯ. ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿ ಕೆಲಸ ಕಳೆದುಕೊಂಡ ನಿಮ್ಮಂಥವರಿಗಲ್ಲದೆ ಈ ಗಾಳಿಯಂತ್ರದ ತರಬೇತಿ ಮತ್ತಾರಿಗೆ? ನಾನು ಕಲಿಯುವ ಇಲ್ಲಿನ ವರ್ಕ್‌ಶಾಪಿನಲ್ಲಿ ಕಂಬದ ತುದಿಯಲ್ಲಿರಬೇಕಾದ ಯಂತ್ರದ ಹೊಟ್ಟೆಯನ್ನೇ ನೆಲಕ್ಕಿಳಿಸಿಟ್ಟಿದ್ದಾರೆ, ಒಳಗೆ ನಾಲ್ಕು ಜನ ನಿಲ್ಲಬಹುದು. ಇವತ್ತು ಅದು ಗರಗರ ಎನ್ನುತ್ತಿತ್ತು. ನೀವು ಕಲಿಸಿದಂತೆ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೂ ಹಿಡಿಯನ್ನು ಕಿವಿಗೂ ಒತ್ತಿದೆ.

“ಯಾರಿಗಮ್ಮ ಫೋನು?” ಎಂದರು ಮೇಷ್ಟ್ರು.

“ಹಿಂದಿನ ಬೇರಿಂಗ್ ಹೋಗಿದೆ ಸಾರ್.”

ಬಿಚ್ಚಿ ನೋಡಿದರೆ ಅದೇ. “ಯಾರು ಕಲಿಸಿದ್ದು?”

“ಅಂಕಪಟ್ಟಿ ಇಲ್ಲ ಅಂತ ನೀವು ವಾಪಸು ಕಳಿಸಿದ್ರಲ್ಲ, ನಮ್ಮ ಚಿಕ್ಕಪ್ಪ.”

ಅವರ ಮುಖ ಸಣ್ಣದಾಯಿತು. ನಿಮ್ಮ ಕೈಕೆಲಸ ನೋಡಿಯೇ ಸೀಟು ಕೊಡುತ್ತಾರಂತೆ. ಮಂಡಿನೋವಿನ ನೆಪ ಹೇಳಬೇಡಿ, ಏಣಿ ಹತ್ತಲು ನಾನಿದ್ದೇನೆ. ಕಾರ್ಡಿನಲ್ಲಿ ಜಾಗವಿಲ್ಲ. ಬರುವ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ, ವರ್ಕ್‌ಶಾಪಿನ ಮುಂಬಾಗಿಲಲ್ಲೇ ಕಾಯುತ್ತಿರುತ್ತೇನೆ.

ಪುಟ್ಟಿ