ಸಿಂಚನಾಳ ಎಡಗಣ್ಣು

೧೪ ನವೆಂಬರ್, ಶುಕ್ರವಾರ. ಮರಳೂರು.

ಸಿಂಚನಾಳ ಎಡಗಣ್ಣು ಇನ್ನು ಮೊದಲಿನ ಹಾಗೆ ಆಗೋದಿಲ್ಲವಂತೆ. ಡಾಕ್ಟರು ಇವತ್ತು ಹೇಳಿಬಿಟ್ಟರು.

ಪರಮಾಣು ಗಡಿಯಾರಕ್ಕಾಗಿ ಲೇಸರ್ ಹಾಯಿಸಿ ಪರಮಾಣುಗಳನ್ನು ತಣ್ಣಗೆ ನಿಲ್ಲಿಸೋದು ನಮ್ಮ ಹುಡುಗಿ ಕೆಲಸ. ಆ ಬೆಳಕು ಕಣ್ಣಿಗೆ ಕಾಣೋದೇ ಇಲ್ಲ. ಕನ್ನಡಿ ಹೊಂದಿಸೋಕೆ ಅಡ್ಡಿ ಅಂತ, ಲೇಸರ್ ತಡೆಯೋ ಕನ್ನಡಕ ತೆಗೆದಿಟ್ಟಿದ್ದಳಂತೆ; ಆಗಲೇ ಆ ಬೆಳಕು ಎಡಗಣ್ಣಿಗೆ ಬಡಿದದ್ದು. "ಎಲ್ಲರೂ ತೆಗೀತಾರೆ ದೊಡ್ಡಮ್ಮ," ಅಂದಳು.

ಊಟಕ್ಕೆ ಕೂತಾಗ ಬಲಗಣ್ಣು ಮುಚ್ಚಿಕೊಂಡು ನನ್ನನ್ನೇ ನೋಡಿದಳು. "ನಿನ್ನ ಕಿವಿ ಕಾಣ್ತವೆ, ಮುಖ ಇರೋ ಕಡೆ ಬರೀ ಕಪ್ಪು. ಹಿಂಗೇ ಚೆನ್ನಾಗಿದೀಯ ಬಿಡು." ಇಬ್ಬರೂ ನಕ್ಕೆವು.

ಸೋಮವಾರ ಲ್ಯಾಬಿಗೆ ಹೋಗ್ತಾಳಂತೆ. ಅಲ್ಲಿ ಯಾರಿಗೂ ಹೇಳಿಲ್ಲ. ಹೇಳಿದರೆ ಲೇಸರ್ ಹತ್ತಿರಕ್ಕೂ ಬಿಡೋಲ್ಲ, ಇಷ್ಟು ವರ್ಷದ ಕೆಲಸ ಬೇರೆಯವರ ಪಾಲಾಗುತ್ತೆ ಅಂತ. "ಇನ್ನೊಂದು ಕಣ್ಣಿದೆಯಲ್ಲ," ಅಂದಳು. "ಕನ್ನಡಕ ಹಾಕ್ಕೋತೀಯ ತಾನೇ?" ಅಂದೆ. ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಈಗ ಗುಬ್ಬಿಯಿಂದ ಅವಳಮ್ಮ, ನನ್ನ ತಂಗಿ ಮರುಳಮ್ಮ, ಫೋನ್ ಮಾಡಿದ್ದಳು. "ಏನ್ ಮಾಡ್ತವ್ಳೆ ಅಕ್ಕ, ನಿನ್ನ ಮಗಳು?" ಮಲಗವ್ಳೆ ಅಂದು ಇಟ್ಟುಬಿಟ್ಟೆ.

ನಾಳೆ ಮರುಳಮ್ಮನಿಗೆ ಹೇಳಿದರೆ ಈ ಹುಡುಗಿ ಮತ್ತೆ ನನ್ನ ಹತ್ತಿರ ಏನೂ ಹೇಳಿಕೊಳ್ಳೋದಿಲ್ಲ. ಹೇಳದೇ ಸುಮ್ಮನಿದ್ದು, ಸೋಮವಾರ ಆ ಬಲಗಣ್ಣೂ ಹೋದರೆ?