ಅಳತೆಗೆ ನಿಲ್ಲಿಸಿದ ಹುಡುಗಿ

ಚನ್ನಗಿರಿ
೧೮-೬-೧೯೮೩

ಜಗಳೂರಿನಲ್ಲಿರುವ ಓಬಳಪ್ಪನವರಿಗೆ, ಚನ್ನಗಿರಿಯಿಂದ ನಿಮ್ಮ ಅಂಜಿನಮ್ಮ ಬರೆಯುವುದು.

ನಿಮ್ಮ ಹೆಸರನ್ನು ನನ್ನ ಕೈಯಿಂದ ಬರೆದಿದ್ದು ಇದೇ ಮೊದಲು. ತಪ್ಪಾದರೆ ಆಗಲಿ, ಕವರಿನ ಮೇಲಾದರೂ ಬರೆಯಲೇಬೇಕಲ್ಲ. ಏಳು ವರ್ಷದ ಮೇಲೆ ನನ್ನ ಅಕ್ಷರ ನೋಡಿ ನಿಮಗೆ ಗಾಬರಿ ಆಗಬಹುದು. ಇಲ್ಲಿ ಯಾರಿಗೂ ಏನೂ ಆಗಿಲ್ಲ, ಅಣ್ಣ ಗಾದ್ರಪ್ಪ ಚೆನ್ನಾಗಿದ್ದಾನೆ, ಮನೆ ಸೋರುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ನನಗೆ ಯಾವ ಕಾಗದ ಬಂದರೂ ಒಡೆಯುವ ಮುಂಚೆಯೇ ಯಾರಿಗೆ ಏನಾಯಿತೋ ಅನ್ನಿಸುತ್ತದೆ. ಗಾಬರಿ ಆಗಿರುವುದು ನನಗೆ. ಮೊನ್ನೆ ಗುರುವಾರದಿಂದ ಹೀಗೇ ಇದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನ ಅರ್ಧ. ಒತ್ತಕ್ಷರ ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಿರಿ.

ನಾನೀಗ ಬುಡನ್‌ಸಾಬರ ನರ್ಸರಿಗೆ ಕೆಲಸಕ್ಕೆ ಹೋಗುತ್ತೇನೆ. ಸಸಿ ಬೆಳೆಸುವುದು, ಕೇಳಿದವರ ಮನೆಗೆ ಒಯ್ದು ನೆಟ್ಟು ಬರುವುದು. ಗುರುವಾರ ಸಾಬರು ನನ್ನನ್ನು ಹೊನ್ನಾಳಿಗೆ ಕಳಿಸಿದರು. ಅಲ್ಲಿ ಧರ್ಮಪ್ಪ ಮೇಷ್ಟ್ರು ಅಂತ, ರಿಟೈರ್ ಆದವರು, ಹೊಸ ಮನೆ ಕಟ್ಟಿಸಿದ್ದಾರೆ. ಅಂಗಳದಲ್ಲಿ ಯಾವ ಸಸಿ ಎಲ್ಲಿ ಬೇಕು ಅಂತ ನಾನು ನೋಡಿಕೊಂಡು ಬರಬೇಕಿತ್ತು. ಬಸ್ಸಿನಲ್ಲಿ ಕೂತಾಗಲೇ ಎಡಗಣ್ಣು ಅದುರುತ್ತಿತ್ತು. ನನ್ನ ಕಣ್ಣು ದಿನಾ ಅದುರುತ್ತದೆ, ಆ ಮಾತು ಬಿಡಿ.

ಮೇಷ್ಟ್ರು ಜಗಲಿಯ ಮೇಲೆ ಡ್ರಾಯಿಂಗ್ ಶೀಟು ಹರಡಿ ನಾಲ್ಕು ಮೂಲೆಗೂ ಕಲ್ಲು ಇಟ್ಟರು. ಕೆಳಗಿದ್ದ ಸಹಿಯನ್ನು ನಾನು ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಮೇಲೆ ಮಾಳಿಗೆಯಿಂದ ಇಣುಕಿದ ಹಾಗೆ ಅಂಗಳದ ನಕ್ಷೆ. ಕೆಳಗೆ ಗೇಟಿನಲ್ಲಿ ನಿಂತು ನೋಡಿದ ಹಾಗೆ ಚಿತ್ರ. ಮನೆಯ ನೆರಳು ಬೆಳಿಗ್ಗೆ ಎಲ್ಲಿ, ಮಧ್ಯಾಹ್ನ ಎಲ್ಲಿ, ಸಂಜೆ ಎಲ್ಲಿ ಅಂತ ಮೂರು ಚುಕ್ಕಿ ಗೆರೆ. ಹಾಗೆ ಬರೆಯುವವರು ಬೇರೆ ಯಾರಿದ್ದಾರೆ? ನೀವು ಪೆನ್ಸಿಲ್ ಹಿಡಿಯುವ ಮುಂಚೆ ನಾನು ಮೊರದಲ್ಲಿ ಬೂದಿ ತುಂಬಿಕೊಂಡು ನೆರಳಿನ ಅಂಚಿಗೆ ಸುರಿಯುತ್ತಾ ಹೋಗುತ್ತಿದ್ದೆ. ನಮ್ಮ ಘಟ್ಟಮ್ಮ ಪುಟ್ಟ ಹೆಜ್ಜೆ ಇಟ್ಟು ಹಿಂದಿನಿಂದ ಬಂದು ಆ ಗೆರೆಯ ಮೇಲೇ ನಡೆದು ಅಳಿಸುತ್ತಿದ್ದಳು. ನೀವು ಅವಳನ್ನು ಬೈಯದೆ, ಇನ್ನೊಂದು ಸಲ ಬೂದಿ ಹಾಕು ಅನ್ನುತ್ತಿದ್ದಿರಿ.

ಆಮೇಲೆ ಪಾರಿಜಾತದ ಪಕ್ಕ ನೋಡಿದೆ. ಗಿಡ ಎಷ್ಟು ಎತ್ತರ ಬೆಳೆಯುತ್ತದೆ ಅಂತ ಮನೆಯವರಿಗೆ ತಿಳಿಯಲಿ ಎಂದು ಚಿತ್ರದಲ್ಲಿ ಒಂದು ಆಳು ನಿಲ್ಲಿಸುವುದು ನಿಮ್ಮ ರೂಢಿ. ಆಗೆಲ್ಲ ಕೊಡೆ ಹಿಡಿದ ಗಂಡಸನ್ನು ಬರೆಯುತ್ತಿದ್ದಿರಿ, ಮೂಗು ಬಾಯಿ ಇಲ್ಲದವನನ್ನು. ಈ ಹಾಳೆಯಲ್ಲಿ ಅವನಿಲ್ಲ. ಒಬ್ಬಳು ಹುಡುಗಿ. ಬಲಗಾಲಿನ ಮೇಲೆ ನಿಂತು, ಎಡ ಅಂಗಾಲನ್ನು ಮೊಣಕಾಲಿಗೆ ಒತ್ತಿಕೊಂಡು, ಕೊಕ್ಕರೆಯ ಹಾಗೆ, ಘಟ್ಟಮ್ಮ ನಿಲ್ಲುತ್ತಿದ್ದ ಹಾಗೆಯೇ. ಎರಡು ಜಡೆ. ಫ್ರಾಕಿನ ಜೇಬು ಉಬ್ಬಿದೆ.

ನಾಲ್ಕು ವರ್ಷಕ್ಕೆ ಹೋದ ಮಗು ಹನ್ನೊಂದು ವರ್ಷದವಳಾಗಿ ನಿಂತಿದ್ದಾಳೆ. ಆ ಜೇಬಿನಲ್ಲಿರುವುದು ಹುಣಿಸೆ ಬೀಜ ಅಂತ ನಮ್ಮಿಬ್ಬರನ್ನು ಬಿಟ್ಟು ಯಾರಿಗೆ ಗೊತ್ತು?

ಮೇಷ್ಟ್ರಿಗೆ ಇದೊಂದೂ ಗೊತ್ತಿಲ್ಲ. ಒಳಗಿನಿಂದ ಇನ್ನೆರಡು ಹಾಳೆ ತಂದರು. ಒಂದು ನ್ಯಾಮತಿಯ ಅವರ ತಂಗಿ ಮನೆಯದು, ಎಪ್ಪತ್ತೆಂಟನೇ ಇಸವಿ. ಇನ್ನೊಂದು ಜಗಳೂರಿನ ಅವರ ಭಾವಮೈದುನನದು, ಎಂಬತ್ತೊಂದು. ಅವೆರಡನ್ನು ನೋಡಿಯೇ ನಿಮ್ಮ ಹತ್ತಿರ ಬರೆಸಿದ್ದಂತೆ. ಮೊದಲನೆಯದರಲ್ಲಿ ಅವಳ ತಲೆ ದಾಸವಾಳದ ನಡುವಿಗೆ ಬಂದಿದೆ. ಎರಡನೆಯದರಲ್ಲಿ ಕಿಟಕಿಯ ಕೆಳ ಅಂಚಿಗೆ. ಈಗ ಕಿಟಕಿಯ ಸರಳಿಗೆ. ನಾನು ಅವಳ ಫ್ರಾಕನ್ನು ಟ್ರಂಕಿನಲ್ಲಿ ಮಡಿಸಿ ಇಟ್ಟುಕೊಂಡು ಕೂತಿದ್ದೇನೆ, ಅದೇ ನಾಲ್ಕು ವರ್ಷದ ಅಳತೆಯದು. ನೀವು ನನಗೊಂದು ಮಾತು ಹೇಳದೆ ಅವಳನ್ನು ಬೆಳೆಸಿಬಿಟ್ಟಿದ್ದೀರಿ. ಸುಳ್ಳು ಯಾಕೆ, ನನಗೆ ಮೊದಲು ಬಂದದ್ದು ಸಿಟ್ಟು.

ಮೇಷ್ಟ್ರ ಹೆಂಡತಿ ಕಸ್ತೂರಮ್ಮ ನನ್ನ ಮುಖ ನೋಡಿ, "ಯಾಕಮ್ಮ, ಬಿಸಿಲು ಬಡೀತೇನು? ಹಿಂಗ್ಯಾಕೆ ಬೆವರಿದ್ದೀಯಾ?" ಅಂತ ನೀರು ತಂದುಕೊಟ್ಟರು. ನಾನು ಚಿತ್ರದ ಮೇಲೆ ಬೆರಳಿಟ್ಟು, "ಇವಳು ನನ್ನ ಮಗಳು ಕಣ್ರೀ," ಅಂದೆ.

"ಅಯ್ಯ, ಇದನ್ನ ಬರೆದೋರು ನಿಮ್ಮನೇರಾ? ಗಂಡ ಗಿಡ ಬರೆಯಾದು, ಹೆಂಡ್ತಿ ನೆಡಾದು. ಚೆನ್ನಾಗೈತೆ ಜೋಡಿ. ಮಗಳು ಏನು ಓದ್ತಾಳೆ?"

"ಆರನೇ ಕ್ಲಾಸು," ಅಂದೆ.

ಹೆಂಗೆ ಬಾಯಿಗೆ ಬಂತೋ. ಲೆಕ್ಕ ಹಾಕಲೂ ಇಲ್ಲ, ಬಾಯಲ್ಲಿ ಸಿದ್ಧವಾಗಿ ಕಾಯುತ್ತಿದ್ದ ಹಾಗೆ ಬಂತು. ಮುಂದಿನ ಸಲ ಅವಳನ್ನೂ ಕರೆದುಕೊಂಡು ಬಾ ಅಂದರು. ಹೂಂ ಅಂದೆ. ಈಗ ಅದೊಂದು ಹೊಸ ಚಿಂತೆ.

ಅಷ್ಟರಲ್ಲಿ ಮೇಷ್ಟ್ರು ನಿಮ್ಮ ಮೇಲೆ ದೂರು ಶುರು ಮಾಡಿದರು. ತಾವರೆ ಬಿಡಲು ತೊಟ್ಟಿ ಬೇಕು ಅಂತ ಮೂರು ಸಲ ಕೇಳಿದರಂತೆ. ನೀವು ಮೂರು ಸಲವೂ, ಇಲ್ಲಿ ನೀರು ನಿಲ್ಲಿಸಬೇಡಿ ಎಂದು ಬರೆದು ಕಳಿಸಿದಿರಂತೆ. "ನಿಮ್ಮನೇರಿಗೆ ನೀರು ಕಂಡರೆ ಆಗಲ್ವೇನಮ್ಮ?" ಅಂತ ನಗುತ್ತಾ, ಜೇಬಿನಿಂದ ಕೆಂಪು ಮಸಿಯ ಪೆನ್ನು ತೆಗೆದು, ಅವಳ ಕಾಲ ಮುಂದೆಯೇ ದುಂಡಗೆ ಒಂದು ತೊಟ್ಟಿ ಬರೆದರು. "ಒಂದೂವರೆ ಅಡಿ ಕಟ್ಟೆ ಸಾಕು. ಮೂರು ವರ್ಷದ ಮೊಮ್ಮಗ ಅದಾನೆ, ಕೂತ್ಕಂಡು ಮೀನು ನೋಡ್ತಾನೆ."

ಒಂದೂವರೆ ಅಡಿ. ರೀ, ಅದೇ ಅಳತೆ.

ನಾನು ಸೆರಗನ್ನು ಲೋಟದ ನೀರಿಗೆ ಅದ್ದಿ ಆ ಕೆಂಪನ್ನು ಒರೆಸಿಬಿಟ್ಟೆ. ಹೋಗಲಿಲ್ಲ. ಹರಡಿಕೊಂಡು ಅವಳ ಪಾದಕ್ಕೆ ಬಂತು, ಪಾದ ದಾಟಿ ಫ್ರಾಕಿಗೆ ಬಂತು. ನಾನು ಒರೆಸಿದಷ್ಟೂ ಮೇಲೇರಿತು. ಕಸ್ತೂರಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು. ಮೇಷ್ಟ್ರು ಬೈಯಲಿಲ್ಲ. ಪೆನ್ನು ಜೇಬಿಗೆ ಹಾಕಿಕೊಂಡು, ನಿಮ್ಮ ಹತ್ತಿರ ಹೊಸ ಹಾಳೆ ಬರೆಸಿಕೊಡಬೇಕು, ತೊಟ್ಟಿ ಯಾಕೆ ಬೇಡ ಅನ್ನುವುದನ್ನೂ ನೀವೇ ಬಿಡಿಸಿ ಬರೆಯಬೇಕು ಅಂದರು. ಇಲ್ಲದಿದ್ದರೆ ಇಪ್ಪತ್ತೇಳನೇ ತಾರೀಕು ಸೋಮವಾರ ಗಾರೆಯವನು ಬರುತ್ತಾನೆ, ಕಟ್ಟಿಸುವುದೇ ಸೈ ಅಂದರು. ನಿಮ್ಮ ವಿಳಾಸ ಹಾಳೆಯ ಹಿಂದೆ ಇತ್ತು. ಬರೆದುಕೊಂಡು ಓಡಿಬಂದೆ.

ಅವರಿಗೆ ಕಾರಣ ಹೇಳಬೇಕಾದವರು ನೀವೋ ನಾನೋ ಅಂತ ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಮಗಳೂ ತಂಬಿಗೆಯಲ್ಲಿ ಮೊಗೆದು ಗಿಡಕ್ಕೆ ಹಾಕಲಿ ಅಂತ ನಮ್ಮ ಹಿತ್ತಲ ತೊಟ್ಟಿಗೆ ನೀವು ತಗ್ಗು ಕಟ್ಟೆ ಬರೆದಿರಿ. ಮಗು ಆ ತೊಟ್ಟಿಗೇ ಬಿದ್ದು ಹೋದಾಗ ಆ ಹಾಳೆಯನ್ನು ಅಣ್ಣ ಎಲ್ಲರ ಎದುರು ಹರಿದು, "ನಿನ್ನ ಚಿತ್ರ ನನ್ನ ಸೊಸೇನ ನುಂಗ್ತು" ಅಂದ. ನಾನು ಬಾಗಿಲು ಹಿಡಿದು ನಿಂತಿದ್ದೆ. ನೀವು ಒಂದೇ ಒಂದು ಸಲ ನನ್ನ ಕಡೆ ನೋಡಿದಿರಿ. ನಾನು ಬಾಯಿ ಬಿಡಲಿಲ್ಲ. ಹದಿನಾಲ್ಕನೇ ದಿನ ಪೆನ್ಸಿಲ್ ಡಬ್ಬಿ ಒಂದನ್ನೇ ತೆಗೆದುಕೊಂಡು ಹೊರಟಿರಿ.

ಕಟ್ಟೆ ತಗ್ಗು ನಿಜ. ಅದಕ್ಕೇ ನೀವು ಎರಡು ಹಿಡಿ ಇಟ್ಟು ಹಲಗೆಯ ಮುಚ್ಚಳ ಮಾಡಿದ್ದಿರಿ, ದಿನಾ ಬೆಳಿಗ್ಗೆ ಮುಚ್ಚಿಯೇ ಕೆಲಸಕ್ಕೆ ಹೋಗುತ್ತಿದ್ದಿರಿ. ಅವತ್ತು ಮುಚ್ಚಿದೆನೋ ಮರೆತೆನೋ ಅಂತ ಆ ಹದಿಮೂರು ದಿನವೂ ಗೋಡೆಗೆ ಹೇಳಿಕೊಂಡಿರಿ. ಮುಚ್ಚಳದ ವಿಷಯ ಬರೆಯಬೇಕು ಅಂತಲೇ ಕೂತೆ. ಆದರೆ ಹಾಳೆ ಮುಗಿಯುತ್ತಾ ಬಂತು, ಟಪಾಲಿನ ಡಬ್ಬಿ ತೆಗೆಯುವ ಹೊತ್ತೂ ಆಯಿತು.

ಹೊಸ ಹಾಳೆ ಬೇಗ ಬರೆದು ಕಳಿಸಿರಿ. ಅವಳನ್ನು ಬಿಡಬೇಡಿ, ಬರೆಯಿರಿ. ಆದರೆ ಆ ಫ್ರಾಕು ಬೇಡ. ಹನ್ನೊಂದಾಯಿತು, ನಾನಾಗಿದ್ದರೆ ಲಂಗ ಹೊಲಿಸುತ್ತಿದ್ದೆ. ಹಸಿರು, ಕೆಳಗೆ ಎರಡು ಬೆರಳು ಅಂಚು. ಎರಡೂ ಕಾಲು ನೆಲಕ್ಕೆ ಊರಿಸಿರಿ. ಇಷ್ಟು ವರ್ಷ ಒಂದೇ ಕಾಲಲ್ಲಿ ನಿಂತರೆ ಮಗುವಿಗೆ ನೋಯುವುದಿಲ್ಲವಾ?

ಇಂತಿ
ಘಟ್ಟಮ್ಮನ ತಾಯಿ
ಅಂಜಿನಮ್ಮ

ಮರೆತದ್ದು: ಮರೆತದ್ದಲ್ಲ. ಅಂಟು ಹಚ್ಚಿದ ಕವರನ್ನು ಬಿಚ್ಚಿ ಬರೆಯುತ್ತಿದ್ದೇನೆ. ಅವತ್ತು ನೀವು ಮುಚ್ಚಳ ಹಾಕಿಯೇ ಹೋಗಿದ್ದಿರಿ. ಬಟ್ಟೆ ಒಗೆಯಲು ತೆಗೆದವಳು ನಾನು. ಗೋಡೆಗೆ ಒರಗಿಸಿ, ನೀರು ಮೊಗೆಯುವಷ್ಟರಲ್ಲಿ ಪಕ್ಕದ ಮನೆಯ ಇಮಾಮ್‌ಬೀ ಮಲ್ಲಿಗೆ ಕಡ್ಡಿ ಕೊಡುತ್ತೇನೆ ಬಾ ಅಂದರು. ಹೋದೆ. ಎರಡು ಮಾತು ಆಡಿ ಬಂದೆ, ಕೈಯಲ್ಲಿ ಕಡ್ಡಿ ಇತ್ತು. ನೀವು ಓಡಿ ಬಂದಾಗ ಮುಚ್ಚಳ ಗೋಡೆಗೆ ಒರಗಿದ್ದನ್ನು ನೋಡಿ ನಿಮ್ಮ ಕೈಯನ್ನೇ ಹೊಡೆದುಕೊಂಡಿರಿ. ಅದು ನನ್ನ ಕೈ. ಮೇಷ್ಟ್ರಿಗೆ ಬರೆಯುವಾಗ ಹಾಗೆಯೇ ಬರೆಯಿರಿ.