ಓದಿ ಹೇಳದ ಹನ್ನೆರಡು ಹಾಳೆ

ಅಪ್ಪಾ,

ನೋಂದಣಿ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ನೀನು ಬಾಂಡ್ ಬರೆಯುತ್ತಿದ್ದಾಗ, ಶಾಲೆ ಬಿಟ್ಟ ಮೇಲೆ ನಾನು ಬಂದು ಪಕ್ಕದಲ್ಲಿ ಕೂರುತ್ತಿದ್ದೆ. ಹೆಬ್ಬೆಟ್ಟು ಒತ್ತಲು ಕೈ ಚಾಚಿದವರನ್ನು ನೀನು ತಡೆಯುತ್ತಿದ್ದೆ. "ತಡೀರಿ ಯಜಮಾನ್ರ, ಮೊದಲ ಕೇಳ್ರಿ."

"ನೀವ ಬರದೀರಿ ಅಂದ ಮ್ಯಾಲ ಕೇಳೂದೇನೈತ್ರಿ?"

"ಈಗ ಕೇಳ್ರಿ. ಮಸಿ ಹತ್ತಿದ ಮ್ಯಾಲ ಕೇಳಿದ್ರ ನಾ ಕಿವುಡ!"

ಅವರು ನಗುತ್ತಿದ್ದರು. ನೀನು ಮಾತ್ರ ಮೊದಲಕ್ಷರದಿಂದ ಹೊಲದ ನಾಲ್ಕೂ ಎಲ್ಲೆ ಹೇಳುವ ಕಡೆಯ ಚಕ್ಕುಬಂದಿಯವರೆಗೆ ಜೋರಾಗಿ ಓದಿಯೇ ಕೈ ಬಿಡುತ್ತಿದ್ದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಿನ್ನನ್ನು ಹೊಸ ಔಷಧದ ಸಂಶೋಧನೆಗೆ ಸೇರಿಸಿಕೊಂಡ ದಿನ ನೆನಪಿದೆಯೇ? ಹನ್ನೆರಡು ಹಾಳೆಯ ಒಪ್ಪಿಗೆ ಪತ್ರ, ಕನ್ನಡದಲ್ಲೇ ಇತ್ತು. "ಓದಿ ಹೇಳವ್ವಾ, ನನಗ ಅಕ್ಷರ ಮಸುಕ ಕಾಣತಾವ" ಎಂದು ನೀನು ಕೇಳಿದೆ. ಮೊದಲ ಸಾಲಿನಲ್ಲೇ ಕ್ಯಾನ್ಸರ್ ಎಂದಿತ್ತು. ನಾವು ನಿನಗೆ ಹೇಳಿದ್ದು ಹೊಟ್ಟೆಯ ಹುಣ್ಣು ಎಂದಷ್ಟೇ. ಡಾಕ್ಟರು ಕೂಡ ನಿನ್ನನ್ನು ಕೇಳಲಿಲ್ಲ, ನನ್ನನ್ನು ಕೇಳಿದರು: "ಪೇಶಂಟ್‌ಗೆ ಎಲ್ಲಾ ತಿಳಿಸೀರೇನ್ರಿ?" "ತಿಳಿಸೇವ್ರಿ" ಎಂದವಳು ನಾನೇ. ನಿನ್ನ ಕಡೆ ತಿರುಗಿ, "ಹೊಸಾ ಗುಳಿಗಿ ಅಪ್ಪಾ, ಅಷ್ಟ. ಸಹಿ ಹಾಕು" ಎಂದೆ. ನೀನು ನನ್ನ ಮುಖವನ್ನೇ ನೋಡಿ ಸಹಿ ಹಾಕಿದೆ. ಮಗಳ ಮೇಲಿನ ನಂಬಿಕೆಯೋ, ಅಥವಾ ನಿನಗೆ ಆಗಲೇ...

ಬಾಯಿ ತುಂಬ ಹುಣ್ಣೆದ್ದು ಮಜ್ಜಿಗೆಯೂ ಇಳಿಯದಾದ ವಾರ ನೀನೊಮ್ಮೆ ಕೇಳಿದ್ದೆ. "ಈ ಗುಳಿಗಿ ಬಿಟ್ಟಬಿಡೂಣವ್ವಾ. ಕೆಲಗೇರಿ ಕೆರಿ ದಂಡಿಗೆ ನಾಕ ದಿನಾ ಅಡ್ಡಾಡತೇನಿ."

ನಾನು ಗದರಿಸಿದೆ. "ನಡುವ ಬಿಟ್ರ ಈ ದವಾಖಾನ್ಯಾಗ ನಮ್ಮನ್ನ ಯಾರೂ ನೋಡಂಗಿಲ್ಲ."

ಹಾಗೆಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಅಂದುಕೊಂಡಿದ್ದೆ. ನೀನು ಮತ್ತೆ ಕೇಳಲಿಲ್ಲ. ಕಡೆಯ ವಾರದವರೆಗೂ ಕಣ್ಣು ಮುಚ್ಚಿ ನುಂಗಿದೆ.

ನೀನು ಹೋಗಿ ವರ್ಷವಾದ ಮೇಲೆ ಕಪಾಟಿನಿಂದ ಆ ಹಾಳೆಗಳನ್ನು ತೆಗೆದೆ. ಕವಿತೆ ಬರೆಯಲು ಕೂತರೆ ಒಂದು ಸಾಲಿಗೆ ಇಡೀ ಮಧ್ಯಾಹ್ನ ಕೊಡುವವಳು ನಾನು. ಇದಕ್ಕೆ ಅರ್ಧ ಗಂಟೆ ಸಾಕಿತ್ತು. ಏಳನೆಯ ಪುಟದಲ್ಲಿತ್ತು: ಕಾರಣ ಹೇಳದೆ ಯಾವಾಗ ಬೇಕಾದರೂ ಬಿಡಬಹುದು, ಅದರಿಂದ ಮುಂದಿನ ಚಿಕಿತ್ಸೆಗೆ ಅಡ್ಡಿಯಿಲ್ಲ. ಕೆರೆ ಎಷ್ಟು ಹತ್ತಿರವಿತ್ತು ಅಪ್ಪಾ! ಮನೆಯಿಂದ ರಿಕ್ಷಾ ಹತ್ತಿದರೆ ಹತ್ತೇ ನಿಮಿಷ.

ಇನ್ನೊಂದು ಸುದ್ದಿ ಹೇಳಬೇಕು. ಮೊನ್ನೆ ಅವ್ವನ ರಿಪೋರ್ಟು ಬಂತು. ನಿನ್ನದೇ ಕಾಯಿಲೆ. ತಮ್ಮ ಫೋನಿನಲ್ಲಿ, "ಅವ್ವಗ ಏನೂ ಹೇಳಬ್ಯಾಡಕ್ಕಾ, ಎದಿ ಒಡಕೋತಾಳ" ಎಂದ. ಅವ್ವ ಮೆಂತ್ಯದ ಪಲ್ಯೆ ಸೋಸುತ್ತ, ಎಲೆ ಕಡ್ಡಿ ಬೇರೆ ಮಾಡುತ್ತ ಕೂತಿದ್ದಳು. "ಏನ ಬರದಾರವಾ ಅದರಾಗ?" ಎಂದಳು. ಮಾಮೂಲಿ ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಎದುರಿಗೆ ಕೂತು, ನಿನ್ನ ಹಾಗೆ, ಮೊದಲಿನಿಂದ ಜೋರಾಗಿ ಓದತೊಡಗಿದೆ. ಇಂಗ್ಲಿಷಿನ ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕಾಯಿಲೆಯ ಹೆಸರು ಬಂದಾಗ ದನಿ ತಗ್ಗಿಸಲಿಲ್ಲ.

ಅವ್ವನ ಕೈ ನಿಂತಿತು. ಕೇಳಿದಳು, "ನಿಮ್ಮಪ್ಪಗೂ ಹಿಂಗ ಓದಿ ಹೇಳಿದ್ದೇನ?"

"ಇಲ್ಲವ್ವಾ."

ಅವಳು ನನ್ನ ಕಡೆ ನೋಡಲಿಲ್ಲ. ಸೋಸಿದ ಪಲ್ಯೆಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಮುಂದ ಓದು" ಎಂದಳು.